ಒಂದೇ ನಿವೇಶನ, ಹಲವು ದತ್ತಸಂಚಯ: ನಕಲು ಮತ್ತು ತಾಳೆಯ ವಿಚಾರ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ ಹೋಬಳಿಯ ಗ್ರಾಮವೊಂದರಲ್ಲಿ 30×40 ಅಡಿ ಅಳತೆಯ ನಿವೇಶನವೊಂದು ಇದೆ ಎಂದು ಇಟ್ಟುಕೊಳ್ಳಬಹುದು. ಹಿಂದೆ ಅದು ಕೃಷಿ ಜಮೀನಿನ ಭಾಗವಾಗಿದ್ದುದರಿಂದ ಅದರ ಪಹಣಿ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿದೆ. ಅಳತೆಯ ನಕ್ಷೆ ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿದೆ. ಕ್ರಯಪತ್ರ ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿದೆ. ಗ್ರಾಮ ಪಂಚಾಯತಿ ನೀಡಿದ ನಮೂನೆ 9 ಮತ್ತು ನಮೂನೆ 11 ‘ಇ-ಸ್ವತ್ತು’ ತಂತ್ರಾಂಶದಲ್ಲಿಯೂ, ತೆರಿಗೆಯ ಬೇಡಿಕೆ ಮತ್ತು ವಸೂಲಾತಿಯ ಲೆಕ್ಕ ‘ಪಂಚತಂತ್ರ’ದಲ್ಲಿಯೂ ಇವೆ. ಮಾಲೀಕರ ಪಾಲಿಗೆ ಇದು ಒಂದೇ ನಿವೇಶನ. ಗಣಕಯಂತ್ರಗಳ ಪಾಲಿಗೆ ಐದು ಪ್ರತ್ಯೇಕ ದಾಖಲೆಗಳು.

ಈ ಐದೂ ತಂತ್ರಾಂಶಗಳನ್ನು ಒಟ್ಟಿಗೆ ಕುಳಿತು ರೂಪಿಸಿದವರಿಲ್ಲ. ‘ಭೂಮಿ’ 2000ದ ಆಸುಪಾಸಿನಲ್ಲಿ ಬಂದಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಅದು ಕಾಗದದಿಂದ ಗಣಕಕ್ಕೆ ತಂದಿತು. ‘ಕಾವೇರಿ’ ಅದರ ಬೆನ್ನಿಗೇ ಬಂದರೆ, ‘ಇ-ಸ್ವತ್ತು’ 2013ರಲ್ಲಿ ಬಂದಿತು. ಒಂದೊಂದರ ಉದ್ದೇಶವೂ ಬೇರೆ, ಇಲಾಖೆಯೂ ಬೇರೆ, ಕಾಯ್ದೆಯೂ ಬೇರೆ. ಆದರೆ ಮಾಲೀಕರ ಹೆಸರು, ವಿಸ್ತೀರ್ಣ, ಚಕ್ಕುಬಂದಿ ಇವು ಎಲ್ಲದರಲ್ಲಿಯೂ ಮತ್ತೆ ಮತ್ತೆ ಬರುತ್ತವೆ. ಒಂದು ಕಡೆ ಬದಲಾದುದು ಉಳಿದ ಕಡೆಗಳಿಗೆ ತಲುಪಬೇಕು, ತಪ್ಪಿಲ್ಲದೆ ತಲುಪಬೇಕು, ಒಮ್ಮೆ ಮಾತ್ರ ತಲುಪಬೇಕು. ಈ ಕಾರ್ಯಕ್ಕೆ ದತ್ತಾಂಶದ ನಕಲು ಮತ್ತು ಹೊಂದಾಣಿಕೆ ಎಂದು ಹೆಸರು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಕರ ವಸೂಲಿಗಾರರು ಹಾಗೂ ಡೇಟಾ ಎಂಟ್ರಿ ಆಪರೇಟರುಗಳು ದಿನವೂ ಎದುರಿಸುವ ‘ಹೆಸರು ಹೊಂದುತ್ತಿಲ್ಲ’, ‘ಆನ್‌ಲೈನ್‌ನಲ್ಲಿ ಬರುತ್ತಿಲ್ಲ’ ಎಂಬ ದೂರುಗಳ ಮೂಲ ಬಹುಪಾಲು ಇಲ್ಲಿಯೇ ಇದೆ.

ಕಾಗದದ ಕಾಲದಲ್ಲಿಯೂ ಇದ್ದ ಸಮಸ್ಯೆ

ಒಂದೇ ವಿವರವನ್ನು ಎರಡು ಕಡೆ ಬರೆದಿಡುವ ಪದ್ಧತಿ ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಒಂದು, ತಾಲ್ಲೂಕು ಕಚೇರಿಯಲ್ಲಿ ಒಂದು ಎಂಬಂತೆ ದಾಖಲೆಗಳು ಹಿಂದಿನಿಂದಲೂ ಜೋಡಿಯಾಗಿಯೇ ಬಂದಿವೆ. ಎರಡರಲ್ಲಿಯೂ ಒಂದೇ ಅಂಕಿ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡುವುದಕ್ಕೆ ಜಮಾಬಂದಿ ಇತ್ತು. ಗ್ರಾಮ ಪಂಚಾಯತಿಗಳಲ್ಲಿ ಇಂದಿಗೂ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರವರೆಗೆ ಜಮಾಬಂದಿ ನಡೆಯುತ್ತದೆ. ಪುಸ್ತಕಗಳನ್ನು ಜನರ ಮುಂದೆ ತೆರೆದು ತಾಳೆ ನೋಡುವ ಆ ಕ್ರಮಕ್ಕೆ ಗಣಕ ಶಾಸ್ತ್ರದಲ್ಲಿ ಬೇರೆ ಹೆಸರಿದ್ದರೂ ಕೆಲಸ ಅದೇ.

‘ಭೂಮಿ’ಯ ಆರಂಭದ ವ್ಯವಸ್ಥೆಯೂ ಈ ಹಳೆಯ ರಚನೆಯನ್ನೇ ಹೋಲುತ್ತಿತ್ತು. ತಾಲ್ಲೂಕಿಗೊಂದು ಸರ್ವರ್, ಅದರಲ್ಲಿ ಆ ತಾಲ್ಲೂಕಿನ ಪಹಣಿಗಳು. ಮುಂದೆ ಸಂಪರ್ಕ ಜಾಲ ಸುಧಾರಿಸಿದ ಮೇಲೆ ಅವು ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ ಒಂದಾದವು. ಹೀಗೆ ಒಂದು ಇಲಾಖೆಯೊಳಗಿನ ಹಲವು ಪ್ರತಿಗಳ ತೊಡಕು ಬಹುಮಟ್ಟಿಗೆ ಬಗೆಹರಿಯಿತು. ಇಲಾಖೆ ಇಲಾಖೆಗಳ ನಡುವಿನ ತೊಡಕು ಹಾಗೆಯೇ ಉಳಿಯಿತು.

ಕ್ರಯಪತ್ರ ನೋಂದಣಿಯಾದ ಮೇಲೆ ನಡೆಯುವುದೇನು

ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 128ನೇ ಕಲಂ ಹಕ್ಕು ಬದಲಾವಣೆಯನ್ನು ವರದಿ ಮಾಡುವುದನ್ನೂ, 129ನೇ ಕಲಂ ಅದನ್ನು ಮ್ಯುಟೇಶನ್ ಆಗಿ ದಾಖಲಿಸುವುದನ್ನೂ ಕುರಿತವು. ಕೃಷಿ ಜಮೀನಿನ ಕ್ರಯಪತ್ರ ನೋಂದಣಿಯಾದೊಡನೆ ‘ಕಾವೇರಿ’ಯಿಂದ ‘ಭೂಮಿ’ಗೆ ಹೋಗುವ ‘ಜೆ ಸ್ಲಿಪ್’ ಈ ವರದಿಯ ವಿದ್ಯುನ್ಮಾನ ರೂಪ. ಹಿಂದೆ ಅದು ಕಾಗದದಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ಎಲ್ಲಿಯಾದರೂ ನಿಂತರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಗ್ರಾಮ ಪಂಚಾಯತಿ ವ್ಯಾಪ್ತಿಯ ನಿವೇಶನವಾದರೆ ದಾರಿ ಬೇರೆ. ನೋಂದಣಿಗೆ ಮೊದಲು ‘ಕಾವೇರಿ’ಯು ‘ಇ-ಸ್ವತ್ತು’ವಿನಲ್ಲಿರುವ ವಿವರವನ್ನು ಪಡೆಯುತ್ತದೆ, ನೋಂದಣಿಯಾದ ಮೇಲೆ ಹೊಸ ಖರೀದಿದಾರರ ವಿವರ ಖಾತೆ ಬದಲಾವಣೆಗಾಗಿ ಪಂಚಾಯತಿಯ ಕಡೆಗೆ ಬರುತ್ತದೆ. ಇಂದು ನೋಂದಣಿ ನಡೆಯುವ ಕಚೇರಿ ಆಸ್ತಿಯ ಸಮೀಪದಲ್ಲಿಯೇ ಇರಬೇಕೆಂದಿಲ್ಲ. ಸೂಲಿಕೆರೆ ಅಥವಾ ರಾಮೋಹಳ್ಳಿ ಕಡೆಯ ನಿವೇಶನದ ಪತ್ರ ಜಿಲ್ಲೆಯೊಳಗಿನ ಬೇರೊಂದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬಹುದು. ಊರಿನ ಪರಿಚಯವಿರುವ ಅಧಿಕಾರಿಯ ಕಣ್ಣು ಅಲ್ಲಿ ಇರುವುದಿಲ್ಲ. ಪರದೆಯ ಮೇಲೆ ಬಂದ ಪ್ರತಿಯೇ ಆಧಾರ.

ಇಲ್ಲಿ ಒಂದು ಅಂತರ ಉಳಿಯುತ್ತದೆ. ಕ್ರಯಪತ್ರ ನೋಂದಣಿಯಾದ ಕ್ಷಣಕ್ಕೂ ಖಾತೆಯಲ್ಲಿ ಹೆಸರು ಬದಲಾಗುವ ದಿನಕ್ಕೂ ನಡುವೆ, ‘ಕಾವೇರಿ’ಯ ಪ್ರಕಾರ ಆಸ್ತಿ ಹೊಸಬರದು, ಪಂಚಾಯತಿ ದಾಖಲೆಯ ಪ್ರಕಾರ ಹಳಬರದು. ಈ ನಡುವೆ ಹಳೆಯ ಮಾಲೀಕರ ಹೆಸರಿನ ನಮೂನೆ 9 ಅನ್ನು ಮುದ್ರಿಸಿ ತೋರಿಸಿದರೆ, ಋಣಭಾರ ಪತ್ರವನ್ನು ನೋಡದೆ ಮುಂಗಡ ಕೊಡುವವರು ಮೋಸಹೋಗುತ್ತಾರೆ. ಪಹಣಿಯ 11ನೇ ಕಲಂನಲ್ಲಿ ಬ್ಯಾಂಕಿನ ಸಾಲ ತೀರಿದ್ದರೂ ಹಾಗೆಯೇ ಉಳಿದಿದ್ದರೆ ರೈತರಿಗೆ ಹೊಸ ಸಾಲ ಸಿಗುವುದಿಲ್ಲ. ಭೂ ಕಂದಾಯ ಕಾಯ್ದೆಯ 133ನೇ ಕಲಂನ ಪ್ರಕಾರ, ಹಕ್ಕು ದಾಖಲೆಯ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದೇ ಭಾವಿಸಬೇಕು. ಆದ್ದರಿಂದ ತಡವಾಗಿ ಬಂದ ಪ್ರತಿಯ ಹೊರೆಯೂ, ತಪ್ಪಾಗಿ ಬಂದ ಪ್ರತಿಯ ಹೊರೆಯೂ ಕೊನೆಗೆ ಬೀಳುವುದು ಅರ್ಜಿದಾರರ ಮೇಲೆ.

ಈ ಅಂತರವನ್ನು ಪೂರ್ಣವಾಗಿ ಅಳಿಸುವ ಉಪಾಯ ತಾಂತ್ರಿಕವಾಗಿ ಇದೆ. ಎರಡೂ ದತ್ತಸಂಚಯಗಳಲ್ಲಿ ಬರೆಯುವುದು ಯಶಸ್ವಿಯಾದರೆ ಮಾತ್ರ ವ್ಯವಹಾರ ಪೂರ್ಣ, ಇಲ್ಲವಾದರೆ ಎರಡೂ ಕಡೆ ರದ್ದು ಎಂಬ ಕ್ರಮ ಅದು. ಬ್ಯಾಂಕಿನ ಒಳ ಲೆಕ್ಕಗಳಲ್ಲಿ ಇದು ನಡೆಯುತ್ತದೆ. ಆದರೆ ಎರಡು ಇಲಾಖೆಗಳ ನಡುವೆ ಇದನ್ನು ತಂದರೆ ಒಂದರ ಸರ್ವರ್ ನಿಂತ ದಿನ ಇನ್ನೊಂದರ ಕೆಲಸವೂ ನಿಲ್ಲುತ್ತದೆ. ಖಾತೆ ಬದಲಾವಣೆಗೆ ತಕರಾರು ಸಲ್ಲಿಸಲು ಕಾನೂನು ಕಾಲಾವಕಾಶ ಕೊಡುವುದರಿಂದ ಅದು ತಕ್ಷಣ ನಡೆಯುವುದೂ ಸಲ್ಲದು. ಹೀಗಾಗಿ ಮೊದಲು ಒಂದು ಕಡೆ ಬರೆದು, ಬಳಿಕ ಸಾಲಿನಲ್ಲಿ ನಿಲ್ಲಿಸಿ ರವಾನಿಸುವ ಕ್ರಮವೇ ಇಲ್ಲಿ ವಿವೇಕದ್ದು. ಅಂತರ ಇದ್ದೇ ಇರುತ್ತದೆ. ಅದು ಎಷ್ಟಿದೆ ಎಂಬುದು ಕಚೇರಿಗೆ ತಿಳಿದಿರಬೇಕು.

ನಕಲು ಮಾಡುವ ಬಗೆಗಳು

ಅತಿ ಸರಳವಾದ ಬಗೆ, ರಾತ್ರಿ ಕಚೇರಿ ಮುಚ್ಚಿದ ಮೇಲೆ ಇಡೀ ಪಟ್ಟಿಯನ್ನು ಅಳಿಸಿ ಹೊಸದಾಗಿ ನಕಲು ಮಾಡುವುದು. ಚಿಕ್ಕ ಪಟ್ಟಿಗಳಿಗೆ ಇದು ಸಾಕು. ಕೋಟಿ ಸಾಲುಗಳಿರುವಲ್ಲಿ ಒಂದು ರಾತ್ರಿ ಸಾಲದು.

ಎರಡನೆಯದು, ಹಿಂದಿನ ನಕಲಿನ ಬಳಿಕ ತಿದ್ದಿದ ಸಾಲುಗಳನ್ನು ಮಾತ್ರ ಒಯ್ಯುವುದು. ಪ್ರತಿ ಸಾಲಿನಲ್ಲಿಯೂ ‘ಕೊನೆಯ ತಿದ್ದುಪಡಿಯ ಸಮಯ’ ಎಂಬ ಅಂಕಣ ಇದ್ದರೆ ಇದು ಸುಲಭ. ಈ ಬಗೆಗೆ ಎರಡು ಕುರುಡುತನಗಳಿವೆ. ಅಳಿಸಿಹೋದ ಸಾಲಿಗೆ ಸಮಯವನ್ನು ಬರೆಯುವ ಜಾಗವೇ ಉಳಿದಿರುವುದಿಲ್ಲವಾದ್ದರಿಂದ ಮೂಲದಲ್ಲಿ ರದ್ದಾದ ಖಾತೆ ಪ್ರತಿಯಲ್ಲಿ ಜೀವಂತವಾಗಿರುತ್ತದೆ. ಸರ್ವರಿನ ಗಡಿಯಾರ ಕೆಲವು ನಿಮಿಷ ಹಿಂದೆ ಬಿದ್ದಿದ್ದರೆ ಆ ಅವಧಿಯ ತಿದ್ದುಪಡಿಗಳು ನಕಲಿಗೆ ಸಿಗದೆ ತಪ್ಪಿಹೋಗುತ್ತವೆ, ತಪ್ಪಿದುದು ಯಾರ ಗಮನಕ್ಕೂ ಬರುವುದಿಲ್ಲ.

ಮೂರನೆಯದು ಲೆಕ್ಕ ಬರೆಯುವವರಿಗೆ ಚಿರಪರಿಚಿತವಾದ ತತ್ತ್ವವನ್ನು ಆಧರಿಸಿದೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಅದನ್ನು ಖಾತಾವಹಿಗೆ ಏರಿಸುವುದು ಹಳೆಯ ಪದ್ಧತಿ. ದೊಡ್ಡ ದತ್ತಸಂಚಯಗಳೂ ಹೀಗೆಯೇ ಕೆಲಸ ಮಾಡುತ್ತವೆ. ಸೇರಿಸಿದುದು, ತಿದ್ದಿದುದು, ಅಳಿಸಿದುದು ಎಲ್ಲವೂ ಮೊದಲು ‘ಲಾಗ್’ ಎಂಬ ಕಿರ್ದಿಗೆ ಹೋಗುತ್ತವೆ. ನಕಲು ಮಾಡುವ ತಂತ್ರಾಂಶ ಖಾತಾವಹಿಯನ್ನು ನೋಡದೆ ಈ ಕಿರ್ದಿಯನ್ನು ಓದುತ್ತಾ ಹೋದರೆ ಏನೂ ತಪ್ಪಿಹೋಗುವುದಿಲ್ಲ, ಕ್ರಮವೂ ಕೆಡುವುದಿಲ್ಲ. ಕ್ರಮ ಮುಖ್ಯ: ಮಾರಾಟದ ನಮೂದು ಮೊದಲು, ಅಡಮಾನದ ನಮೂದು ನಂತರ ಬಂದಿದ್ದರೆ ಪ್ರತಿಯಲ್ಲಿಯೂ ಹಾಗೆಯೇ ಬರಬೇಕು, ಅದಲು ಬದಲಾದರೆ ಸಾಲಗಾರರೇ ಬೇರೆಯಾಗುತ್ತಾರೆ.

ನಕಲೇ ಬೇಡ, ಬೇಕಾದಾಗ ಕೇಳಿ ಪಡೆದರೆ ಸಾಕು ಎಂಬ ಮಾರ್ಗವೂ ಉಂಟು. ಎಸ್ಟೋನಿಯಾ ದೇಶವು 2001ರಿಂದ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆಯ ಮೂಲಕ ಹೀಗೆ ನಡೆಸುತ್ತಿದೆ. ಅಲ್ಲಿ ಪ್ರತಿ ಇಲಾಖೆಯೂ ತನ್ನ ದತ್ತಾಂಶವನ್ನು ತನ್ನಲ್ಲಿಯೇ ಇಟ್ಟುಕೊಂಡು, ಇನ್ನೊಂದು ಇಲಾಖೆ ಕೇಳಿದಾಗ ಉತ್ತರಿಸುತ್ತದೆ. ನೋಂದಣಿಯ ಸಮಯದಲ್ಲಿ ‘ಕಾವೇರಿ’ಯು ‘ಇ-ಸ್ವತ್ತು’ವನ್ನು ಕೇಳುವುದು ಇದೇ ಬಗೆ. ಆದರೆ ಕೇಳಿದಾಗ ಉತ್ತರಿಸಲು ಎದುರಿನ ಸರ್ವರ್ ಎಚ್ಚರವಾಗಿರಬೇಕು.

ಯಾವುದು ಮೂಲ, ಯಾವುದು ಪ್ರತಿ

ಹಲವು ದತ್ತಸಂಚಯಗಳಿರುವಲ್ಲಿ ಮೊದಲು ನಿಶ್ಚಯಿಸಬೇಕಾದುದು ಇದನ್ನೇ. ಪ್ರತಿಯೊಂದು ವಿವರಕ್ಕೂ ಒಬ್ಬರೇ ಒಡೆಯರಿರಬೇಕು. ಕೃಷಿ ಜಮೀನಿನ ವಿಸ್ತೀರ್ಣ ಮತ್ತು ಹಕ್ಕುದಾರರ ವಿಷಯದಲ್ಲಿ ‘ಭೂಮಿ’, ಅಳತೆಯ ನಕ್ಷೆಯ ವಿಷಯದಲ್ಲಿ ‘ಮೋಜಿಣಿ’, ನೋಂದಾಯಿತ ಪತ್ರದ ವಿಷಯದಲ್ಲಿ ‘ಕಾವೇರಿ’, ಗ್ರಾಮ ಪಂಚಾಯತಿಯ ಖಾತೆಯ ವಿಷಯದಲ್ಲಿ ‘ಇ-ಸ್ವತ್ತು’ ಮೂಲ. ಉಳಿದೆಡೆ ಕಾಣುವುದು ಅದರ ಪ್ರತಿ ಮಾತ್ರ.

ಕಚೇರಿಯಲ್ಲಿ ಎಡವುವುದು ಇಲ್ಲಿ. ಅರ್ಜಿದಾರರು ಕಾಯುತ್ತಿರುತ್ತಾರೆ, ತೆರಿಗೆ ಬೇಡಿಕೆಯಲ್ಲಿ ಹೆಸರು ತಪ್ಪಾಗಿದೆ, ತಿದ್ದುವ ಅಧಿಕಾರ ಲಾಗಿನ್‌ನಲ್ಲಿದೆ. ಅಲ್ಲಿಯೇ ತಿದ್ದಿ ಕಳುಹಿಸಿದರೆ ಆ ದಿನದ ಕೆಲಸ ಮುಗಿಯುತ್ತದೆ. ಆದರೆ ಮೂಲದಲ್ಲಿ ಹಳೆಯ ಹೆಸರೇ ಇರುವುದರಿಂದ ಮುಂದಿನ ಬಾರಿ ವಿವರ ಮೂಲದಿಂದ ಬಂದಾಗ ತಪ್ಪು ಹೆಸರು ಮರಳುತ್ತದೆ. ಎರಡೂ ಕಡೆ ತಿದ್ದಲು ಅವಕಾಶವಿರುವ ವ್ಯವಸ್ಥೆಗಳಲ್ಲಿ ಇನ್ನೂ ಕಷ್ಟ. ಅಂತಹ ಕಡೆ ಸಾಮಾನ್ಯವಾಗಿ ‘ಕೊನೆಗೆ ಬರೆದುದೇ ಉಳಿಯುತ್ತದೆ’ ಎಂಬ ನಿಯಮವಿಟ್ಟಿರುತ್ತಾರೆ. ಅಂಗಡಿಯ ಸರಕಿನ ಪಟ್ಟಿಗೆ ಈ ನಿಯಮ ಸರಿಹೋಗಬಹುದು. ಆಸ್ತಿಯ ದಾಖಲೆಗೆ ಅದು ಸಲ್ಲದು. ಸಂಜೆ ಐದು ಗಂಟೆಗೆ ಗುಂಡಿ ಒತ್ತಿದವರ ಮಾತು ಬೆಳಿಗ್ಗೆ ದಾಖಲೆ ಪರಿಶೀಲಿಸಿ ಬರೆದವರ ಮಾತಿಗಿಂತ ಮೇಲಾಗಲು ಕಾರಣವಿಲ್ಲ. ಇಬ್ಬರ ನಮೂದು ಬೇರೆಯಾದಾಗ ಎರಡನ್ನೂ ತಡೆಹಿಡಿದು ಅಧಿಕಾರಿಯ ಮುಂದಿಡುವುದೇ ಇಂತಹ ದಾಖಲೆಗಳಿಗೆ ಒಪ್ಪುವ ಕ್ರಮ.

ಹೆಸರುಗಳ ತೊಡಕು

ಎರಡು ದತ್ತಸಂಚಯಗಳಲ್ಲಿರುವುದು ಒಬ್ಬರೇ ವ್ಯಕ್ತಿ ಎಂದು ಯಂತ್ರಕ್ಕೆ ತಿಳಿಸುವುದು ಎಲ್ಲೆಡೆಯೂ ಕಷ್ಟ. ಕನ್ನಡದ ದಾಖಲೆಗಳಲ್ಲಿ ಅದಕ್ಕೆ ತನ್ನದೇ ಆದ ಕಾರಣಗಳಿವೆ.

ಲಕ್ಷ್ಮಮ್ಮ ಎಂಬ ಹೆಸರು ಒಂದು ದಾಖಲೆಯಲ್ಲಿ ಲಕ್ಷಮ್ಮ ಎಂದಿರುವುದು ಸಾಮಾನ್ಯ. ಇದನ್ನು ಕಣ್ಣಿನಿಂದ ಹಿಡಿಯಬಹುದು. ಆದರೆ ತವರಿನಿಂದ ಬಂದ ಜಮೀನಿನ ಪಹಣಿಯಲ್ಲಿ ಅದೇ ಮಹಿಳೆ ‘ಬಿನ್’ ಎಂದು ತಂದೆಯ ಹೆಸರಿನೊಂದಿಗೂ, ಗಂಡನ ಊರಿನ ಖಾತೆಯಲ್ಲಿ ‘ಕೋಂ’ ಎಂದು ಗಂಡನ ಹೆಸರಿನೊಂದಿಗೂ ಇರುತ್ತಾರೆ. ಯಂತ್ರಕ್ಕೆ ಇವರು ಇಬ್ಬರು. ಹೊಂದಾಣಿಕೆಯಾಗದೆ ತಡೆಹಿಡಿದ ಪ್ರಕರಣಗಳಲ್ಲಿ ಹೆಣ್ಣುಮಕ್ಕಳ ಪಾಲಿನ ಆಸ್ತಿ ಸಿಕ್ಕಿಕೊಳ್ಳಲು ಇದೂ ಒಂದು ಕಾರಣ.

ಕಣ್ಣಿಗೆ ಕಾಣದ ವ್ಯತ್ಯಾಸಗಳು ಇನ್ನೂ ಕಠಿಣ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಅಕ್ಷರದ ಆಕಾರಕ್ಕೆ ಸಂಕೇತವಿತ್ತು. ಈಗಿನ ಯೂನಿಕೋಡ್‌ನಲ್ಲಿ ಅಕ್ಷರಕ್ಕೇ ಸಂಕೇತವಿದೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಯೂನಿಕೋಡ್‌ನೊಳಗೂ ಏಕರೂಪತೆ ತಾನಾಗಿ ಬರುವುದಿಲ್ಲ. ‘ಕುಮಾರ್’ ಎಂಬ ಹೆಸರಿನ ಕೊನೆಯಲ್ಲಿ ಅದೃಶ್ಯವಾದ ಒಂದು ಸಂಕೇತವನ್ನು ಕೀಲಿಮಣೆ ಸೇರಿಸಿರಬಹುದು, ಸೇರಿಸದೆಯೂ ಇರಬಹುದು. ‘ಗೋಪಾಲ’ದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಒಕಾರ ಮತ್ತು ದೀರ್ಘ ಎಂದು ಎರಡಾಗಿ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸುವ ತಂತ್ರಾಂಶ ಮಾತ್ರ ‘ಹೊಂದುತ್ತಿಲ್ಲ’ ಎನ್ನುತ್ತದೆ, ಸಿಬ್ಬಂದಿ ಅದೇ ಹೆಸರನ್ನು ಹತ್ತು ಬಾರಿ ಟೈಪು ಮಾಡುತ್ತಾರೆ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದು ರೂಪಕ್ಕೆ ತರುವುದು ತಂತ್ರಾಂಶ ರೂಪಿಸುವವರ ಕೆಲಸ. ಇಂತಹ ಪ್ರಕರಣ ಕಂಡಲ್ಲಿ ಅರ್ಜಿಯನ್ನು ತಿರಸ್ಕರಿಸದೆ ತಾಂತ್ರಿಕ ಶಾಖೆಗೆ ವರದಿ ಮಾಡುವುದು ಕಚೇರಿಯ ಕೆಲಸ.

ಅಂಕಿಗಳೂ ಇದಕ್ಕೆ ಹೊರತಲ್ಲ. ಸರ್ವೆ ನಂಬರನ್ನು ಒಬ್ಬರು 45/2ಎ ಎಂದೂ, ಇನ್ನೊಬ್ಬರು 45/2ಅ ಎಂದೂ, ಮತ್ತೊಬ್ಬರು ೪೫/೨ಎ ಎಂದೂ ಬರೆದಿರುತ್ತಾರೆ. ‘ಭೂಮಿ’ಯಲ್ಲಿ ವಿಸ್ತೀರ್ಣ ಎಕರೆ ಗುಂಟೆಗಳಲ್ಲಿದ್ದರೆ ನಿವೇಶನದ ದಾಖಲೆಗಳಲ್ಲಿ ಚದರ ಅಡಿ ಅಥವಾ ಚದರ ಮೀಟರು. 1200 ಚದರ ಅಡಿಯನ್ನು ಮೀಟರಿಗೆ ಪರಿವರ್ತಿಸಿ ಎರಡು ದಶಮಾಂಶಕ್ಕೆ ನಿಲ್ಲಿಸಿದರೆ 111.48, ಅದನ್ನು ಮತ್ತೆ ಅಡಿಗೆ ತಂದರೆ 1199.96. ಯಾರೂ ನೆಲವನ್ನು ಕದ್ದಿಲ್ಲ, ದಾಖಲೆಗಳು ಮಾತ್ರ ಹೊಂದುವುದಿಲ್ಲ.

ಗಡಿ ಸರಿದಾಗ

ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ ಇನ್ನೊಂದು ಕಾರಣ ಸೇರುತ್ತದೆ. 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 7 ನಗರಸಭೆಗಳು, 110 ಗ್ರಾಮಗಳು ಹಾಗೂ ಒಂದೇ ಒಂದು ಪುರಸಭೆ ಹಳೆಯ ಪಾಲಿಕೆಯೊಂದಿಗೆ ಸೇರಿದವು. ಆ ಪುರಸಭೆ ಕೆಂಗೇರಿ. ಅಲ್ಲಿಯ ಆಸ್ತಿಗಳ ವಹಿಗಳು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋದವು. ಖಾತಾ ಸಂಖ್ಯೆಗಳು ಬದಲಾದವು. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಅಗತ್ಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದು, ರಾಜಾಜಿನಗರ, ವಿಜಯನಗರ ಮೊದಲಾದವು ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಸೇರಿದವು. ಇತ್ತ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಭೂಸ್ವಾಧೀನವಾದ ಗ್ರಾಮಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ದಾಖಲೆಯೂ ಒಂದು ಪದರವಾಗಿ ಸೇರಿದೆ.

ನೆಲ ಒಂದಂಗುಲವೂ ಸರಿಯಲಿಲ್ಲ. ಅದನ್ನು ಗುರುತಿಸುವ ಸಂಖ್ಯೆ ಮಾತ್ರ ಮೂರು ನಾಲ್ಕು ಬಾರಿ ಬದಲಾಯಿತು. ದತ್ತಸಂಚಯಗಳ ಹೊಂದಾಣಿಕೆ ನಿಂತಿರುವುದು ಈ ಗುರುತಿನ ಸಂಖ್ಯೆಯ ಮೇಲೆ. ಹೊಸ ಸಂಖ್ಯೆ ಕೊಡುವಾಗ ಹಳೆಯದನ್ನು ಅಳಿಸಿದರೆ ಹಳೆಯ ಕ್ರಯಪತ್ರಕ್ಕೂ ಹೊಸ ಖಾತೆಗೂ ಇರುವ ಕೊಂಡಿಯೇ ಕಳಚುತ್ತದೆ. ಒಂದೇ ನಿವೇಶನ ಎರಡು ಸಂಸ್ಥೆಗಳ ತೆರಿಗೆ ಪಟ್ಟಿಯಲ್ಲಿ ಉಳಿಯುವುದಕ್ಕೂ ದಾರಿಯಾಗುತ್ತದೆ. ಆದ್ದರಿಂದ ಗಡಿಯಂಚಿನ ಪಂಚಾಯತಿಗಳು ಯಾವ ಆಸ್ತಿಯನ್ನೇ ಹಸ್ತಾಂತರಿಸಲಿ, ಹಳೆಯ ಖಾತಾ ಸಂಖ್ಯೆ, ಸರ್ವೆ ನಂಬರು, ಇ-ಸ್ವತ್ತು ಸಂಖ್ಯೆ ಮೂರನ್ನೂ ಹೊಸ ಸಂಖ್ಯೆಯ ಪಕ್ಕದಲ್ಲಿ ನಮೂದಿಸಿದ ಪಟ್ಟಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಸರ್ವರ್ ನಿಂತ ದಿನ

2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ‘ಕಾವೇರಿ 2.0’ ಮೇಲೆ ಹೊರಗಿನಿಂದ ಕೃತಕ ಕೋರಿಕೆಗಳ ಪ್ರವಾಹ ಹರಿಸುವ ‘ಡಿಡಿಒಎಸ್’ ದಾಳಿ ನಡೆದು ನೋಂದಣಿ ಕಾರ್ಯಕ್ಕೆ ಅಡಚಣೆಯಾಯಿತು. ಇಂತಹ ಸಂದರ್ಭದಲ್ಲಿ ಸಂಪರ್ಕ ಕಡಿದು ಮತ್ತೆ ಬಂದಾಗ, ಕಳುಹಿಸಿದ ಸಂದೇಶ ತಲುಪಿತೋ ಇಲ್ಲವೋ ತಿಳಿಯದೆ ತಂತ್ರಾಂಶ ಅದನ್ನು ಮತ್ತೊಮ್ಮೆ ಕಳುಹಿಸುತ್ತದೆ. ಕಳುಹಿಸುವುದೇ ಸರಿ. ಆದರೆ ಸ್ವೀಕರಿಸುವ ಕಡೆ ನೋಂದಣಿ ಸಂಖ್ಯೆಯನ್ನು ನೋಡಿ ‘ಇದು ಈಗಾಗಲೇ ಬಂದಿದೆ’ ಎಂದು ಗುರುತಿಸಬೇಕು; ಇಲ್ಲವಾದರೆ ಒಂದೇ ಕ್ರಯಕ್ಕೆ ಎರಡು ಮ್ಯುಟೇಶನ್ ಏಳುತ್ತವೆ. ಸಂಪರ್ಕ ಇಲ್ಲದ ದಿನ ಕೈಬರಹದಲ್ಲಿ ಸ್ವೀಕರಿಸಿದ ಅರ್ಜಿಗಳಿಗೂ ಇದೇ ಎಚ್ಚರ ಅನ್ವಯ. ಮರುದಿನ ಅವನ್ನು ಗಣಕಕ್ಕೆ ಏರಿಸುವ ಮುನ್ನ, ಆ ನಮೂದು ತಾನಾಗಿಯೇ ಬಂದು ಕುಳಿತಿದೆಯೇ ಎಂದು ನೋಡಬೇಕು.

ನಕಲು ಇರುವುದರಿಂದ ದಾಖಲೆ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಮಾತ್ರ ನಿಜ. ಯಂತ್ರ ಸುಟ್ಟುಹೋದರೆ ಪ್ರತಿ ಕಾಪಾಡುತ್ತದೆ. ಯಾರೋ ತಪ್ಪಾಗಿ ನೂರು ಖಾತೆಗಳನ್ನು ಅಳಿಸಿದರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ಪ್ರತಿಗೆ ನಕಲಾಗುತ್ತದೆ. ಅದಕ್ಕಾಗಿಯೇ ಹಿಂದಿನ ದಿನಾಂಕದ ಸ್ಥಿತಿಯನ್ನು ಹಾಗೆಯೇ ತೆಗೆದಿಡುವ ‘ಬ್ಯಾಕಪ್’ ಬೇರೆಯಾಗಿ ಇರಬೇಕು, ಅದರಿಂದ ದಾಖಲೆ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ ನೋಡಿರಬೇಕು.

ತಾಳೆ ನೋಡುವ ಕ್ರಮ

ಪಂಚಾಯತಿ ಮಟ್ಟದಲ್ಲಿ ಇದಕ್ಕೆ ವಿಶೇಷ ತಂತ್ರಾಂಶ ಬೇಕಾಗಿಲ್ಲ. ತಿಂಗಳಿಗೊಮ್ಮೆ ‘ಇ-ಸ್ವತ್ತು’ವಿನಲ್ಲಿರುವ ಆಸ್ತಿಗಳ ಸಂಖ್ಯೆಯನ್ನು ತೆರಿಗೆ ಬೇಡಿಕೆ ಪಟ್ಟಿಯ ಸಂಖ್ಯೆಯೊಂದಿಗೆ ಗ್ರಾಮವಾರು ಹೋಲಿಸಿದರೆ ಮೊದಲ ಸುಳಿವು ಸಿಗುತ್ತದೆ. ಸಂಖ್ಯೆ ಒಂದೇ ಆಗಿದ್ದರೂ ಒಳಗೆ ವ್ಯತ್ಯಾಸ ಅಡಗಿರಬಹುದು. ಆದ್ದರಿಂದ ಒಟ್ಟು ವಿಸ್ತೀರ್ಣವನ್ನೂ ಕೂಡಿ ನೋಡುವುದು ಒಳ್ಳೆಯದು. ಆ ಬಳಿಕ ಕೆಲವೇ ಆಸ್ತಿಗಳನ್ನು ಆಯ್ದು ಕ್ರಯಪತ್ರ, ನಮೂನೆ 9, ತೆರಿಗೆ ರಸೀದಿ ಮೂರನ್ನೂ ಎದುರಿಗಿಟ್ಟು ಓದಬೇಕು. ಖಾತೆ ಬದಲಾವಣೆಗಾಗಿ ಕಾಯುತ್ತಿರುವ ಪ್ರಕರಣಗಳಲ್ಲಿ ಅತ್ಯಂತ ಹಳೆಯದು ಎಷ್ಟು ದಿನದ್ದು ಎಂಬುದನ್ನು ಸೂಚನಾ ಫಲಕದಲ್ಲಿ ಬರೆದರೆ, ಮೇಲೆ ಹೇಳಿದ ಅಂತರ ಎಷ್ಟಿದೆಯೆಂದು ಸಾರ್ವಜನಿಕರಿಗೂ ತಿಳಿಯುತ್ತದೆ.

ವ್ಯತ್ಯಾಸ ಕಂಡುಬಂದಲ್ಲಿ ಅರ್ಜಿದಾರರನ್ನು ಮೂಲ ದಾಖಲೆಯ ಕಚೇರಿಗೆ ಕಳುಹಿಸುವಾಗ ಬಾಯಿಮಾತಿನಲ್ಲಿ ಕಳುಹಿಸದೆ, ಯಾವ ತಂತ್ರಾಂಶದಲ್ಲಿ ಯಾವ ಅಂಕಣ ಹೇಗಿದೆ ಎಂದು ಬರೆದ ಹಿಂಬರಹ ಕೊಡುವುದು ಸೂಕ್ತ. ಪಹಣಿಯ ತಪ್ಪಾದರೆ ತಾಲ್ಲೂಕು ಕಚೇರಿ, ನಕ್ಷೆಯದಾದರೆ ಭೂಮಾಪನ ಶಾಖೆ, ಖಾತೆಯದಾದರೆ ಪಂಚಾಯತಿಯೇ. ನೋಂದಾಯಿತ ಪತ್ರದಲ್ಲಿಯೇ ಹೆಸರು ಅಥವಾ ಅಳತೆ ತಪ್ಪಿದ್ದರೆ ಯಾವ ತಂತ್ರಾಂಶದ ತಿದ್ದುಪಡಿಯೂ ಸಾಲದು. ಉಭಯ ಪಕ್ಷದವರು ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರವನ್ನು ನೋಂದಾಯಿಸಬೇಕು. ಅರ್ಜಿದಾರರು ತಮ್ಮೊಂದಿಗೆ ಕ್ರಯಪತ್ರದ ಪ್ರತಿ, ಇತ್ತೀಚಿನ ಋಣಭಾರ ಪತ್ರ (ನಮೂನೆ 15 ಅಥವಾ 16), ಹಳೆಯ ಖಾತಾ ಸಂಖ್ಯೆ ಇರುವ ಯಾವುದಾದರೂ ತೆರಿಗೆ ರಸೀದಿ ಹಾಗೂ ಪಂಚಾಯತಿಯ ಹಿಂಬರಹವನ್ನು ಒಯ್ಯತಕ್ಕದ್ದು.